ರೊಟ್ಟಿಯ ಇನ್ನೊಂದು ಬದಿ

ನನ್ನ ತಮ್ಮ ಮಿಲೋಯೆ ಬಾಯಿಂದ ಬದುಕಿದವನು. ಹೆಂಚಿನ ಕಾರ್ಖಾನೆಯಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದವನು ಎಂಬತ್ತೊಂಬತ್ತರ ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಹತ್ತಿ ನಿಂತು, ಆರುನೂರು ವರ್ಷದಿಂದ ಸೆರ್ಬರಿಗಾದ ಅನ್ಯಾಯವನ್ನೆಲ್ಲ ಒಂದೊಂದಾಗಿ ಹೇಳಿದ. ಮೊರಾವಾ ನದಿ ದಂಡೆಯ ನಮ್ಮ ಪಟ್ಟಣದ ಗಂಡಸರು ಕಣ್ಣು ಒರೆಸಿಕೊಂಡರು. ಸ್ವಲ್ಪ ದಿನಕ್ಕೆ ಆಳುವ ಪಕ್ಷ ಅವನನ್ನು ಪುರಸಭೆ ಅಧ್ಯಕ್ಷನ ಕುರ್ಚಿಯಲ್ಲಿ ಕೂರಿಸಿತು. ಆಮೇಲೆ ಮನೆಯಲ್ಲಿ ಉಪ್ಪು ಕೇಳುವುದಕ್ಕೂ ಭಾಷಣ. ಗಂಡ ಸತ್ತ ಮೇಲೆ ನಾನು ಅವನ ಮನೆಯಲ್ಲೇ ಇದ್ದೆ, ಕೇಳಿ ಕೇಳಿ ಕಿವಿ ತೂತಾಗಿತ್ತು.

ವಿಟೊಮಿರ್ ನಮ್ಮ ಮನೆಯ ಕೂಮ್. ದೀಕ್ಷಾಸ್ನಾನದ ದಿನ ಮಗುವನ್ನು ಎತ್ತಿಕೊಂಡು ಹೆಸರಿಡುವವನೇ ಕೂಮ್. ಹಾಗೆ ಕೂಡಿದ ಮೇಲೆ ಎರಡೂ ಮನೆಯವರು ಒಬ್ಬರಿಗೊಬ್ಬರು ಕೂಮ್; ಅಣ್ಣತಮ್ಮಂದಿರ ಜೊತೆ ಕಿತ್ತಾಡಬಹುದು, ಕೂಮ್ ಜೊತೆ ಆಗದು. ವಿಟೊಮಿರನ ಒಬ್ಬನೇ ಮಗನಿಗೆ ಸ್ರೆತೆನ್ ಎಂದು ಹೆಸರಿಟ್ಟವನು ಮಿಲೋಯೆ. ಡಿಸೆಂಬರಿನಲ್ಲಿ ಸಂತ ನಿಕೋಲನ ದಿನ ನಮ್ಮ ಮನೆತನದ ಹಬ್ಬ. ಅದಕ್ಕೆ ಯಾರನ್ನೂ ಕರೆಯುವಂತಿಲ್ಲ. ಬರುವವರು ತಾವಾಗಿ ಬರಬೇಕು. ನಾನು ಹುದುಗು ಬರಿಸಿ ಬೇಯಿಸಿದ ದಪ್ಪ ರೊಟ್ಟಿಯ ಮೇಲೆ ಪಾದ್ರಿ ದ್ರಾಕ್ಷಾರಸ ಸುರಿದ ಮೇಲೆ, ಒಂದು ಬದಿಯನ್ನು ಮಿಲೋಯೆ, ಇನ್ನೊಂದನ್ನು ವಿಟೊಮಿರ್ ಹಿಡಿದು ಮುರಿಯುತ್ತಿದ್ದರು.

ತೊಂಬತ್ತೊಂದರಲ್ಲಿ ದಾನ್ಯೂಬ್ ನದಿಯಾಚೆ ಯುದ್ಧ ಶುರುವಾಯಿತು. ಮಿಲೋಯೆ ತನ್ನ ಮಗ ಓಗ್ನೆನನನ್ನು ತಾಯಿಯ ಜೊತೆ ಸದ್ದಿಲ್ಲದೆ ವಿಯೆನ್ನಾಕ್ಕೆ ಸಾಗಿಸಿದ್ದ. ಸ್ರೆತೆನ್ ಸೇನೆಯ ಕರೆಪತ್ರಕ್ಕೆ ಹೆದರಿ ಗುಡ್ಡದ ಮೇಲಿದ್ದ ಸೋದರತ್ತೆಯ ಮನೆ ಸೇರಿದ್ದ. ಮಿಲೋಯೆ ಸರ್ಕಾರಿ ಕಾರಿನಲ್ಲಿ ಅಲ್ಲಿಗೆ ಹೊರಟ. ಹೆಂಗಸಿದ್ದರೆ ಹುಡುಗ ಹೆದರುವುದಿಲ್ಲ ಎಂದು ನನ್ನನ್ನೂ ಕರೆದ. ನಾನು ಹೋದೆ. ಆ ಪಾಪ ನನ್ನದೂ ಹೌದು.

"ನಿಂಗೆ ಹೆಸರಿಟ್ಟೋನು ನಾನು ಕಣೋ, ನಿನ್ ಕೆಡುಕಿಗೆ ಹೇಳ್ತೀನಾ?" ಎಂದ ಮಿಲೋಯೆ. "ಅಧ್ಯಕ್ಷನ ಕೂಮ್ ಮಗನೇ ಅವಿತುಕೊಂಡ್ರೆ ಬೇರೆಯೋರ ಮಕ್ಕಳಿಗೆ ಯಾವ ಬಾಯಲ್ಲಿ ಹೋಗ್ರೋ ಅನ್ಲಿ?"

"ಓಗ್ನೆನ್ ಎಲ್ಲಿ, ಕೂಮಾ?"

"ಅವನು ಓದೋಕೆ ಹೋಗಿದಾನೆ. ದೇಶಕ್ಕೆ ಓದಿದೋರೂ ಬೇಕಲ್ಲಪ್ಪ."

ಸ್ರೆತೆನ್ ನನ್ನ ಮುಖ ನೋಡಿದ. ನಾನು ಕೈಯಲ್ಲಿದ್ದ ಪ್ಲಮ್ ಜಾಮಿನ ಸೀಸೆಯನ್ನು ಅವನ ಚೀಲಕ್ಕೆ ಹಾಕಿದೆ. ಸಂಜೆಗೆ ಅವನನ್ನು ಬಸ್ಸು ಹತ್ತಿಸಿದೆವು.

ನವೆಂಬರಿನಲ್ಲಿ ಪೆಟ್ಟಿಗೆ ಬಂತು, ಮೊಳೆ ಹೊಡೆದು ಮುಚ್ಚಿದ್ದು. ಗೋರಿಯ ಮುಂದೆ ಮಿಲೋಯೆ ಅರ್ಧ ಗಂಟೆ ಮಾತಾಡಿದ, ಬೆಲ್‌ಗ್ರೇಡಿನಿಂದ ಬಂದ ಪಕ್ಷದವರು ಅವನ ಬೆನ್ನು ತಟ್ಟಿದರು. ಆ ವರ್ಷ ವಿಟೊಮಿರ್ ಹಬ್ಬಕ್ಕೆ ಬರಲಿಲ್ಲ. ಮುಂದೆಯೂ ಬರಲಿಲ್ಲ.

ಆದರೇನು, ಅಧ್ಯಕ್ಷರ ಮನೆ. ರೊಟ್ಟಿ ಹಿಡಿಯಲು ಪೊಲೀಸ್ ಸಾಹೇಬರು, ಕಾರ್ಖಾನೆ ನಿರ್ದೇಶಕರು ನಾ ಮುಂದು ತಾ ಮುಂದು ಎಂದು ಬರುತ್ತಿದ್ದರು. ಮೀನು ಹುರಿದು ಹುರಿದು ನನ್ನ ಸೊಂಟ ಬಿದ್ದುಹೋಗುತ್ತಿತ್ತು. ಎರಡು ಸಾವಿರನೇ ಇಸವಿಯ ಅಕ್ಟೋಬರಿನಲ್ಲಿ ಆ ಪಕ್ಷದ ಆಟ ಮುಗಿಯಿತು. ಅವನ ಭಾಷಣಕ್ಕೆ ಕಣ್ಣು ಒರೆಸಿಕೊಂಡ ಜನವೇ ಅವನ ಕುರ್ಚಿಯನ್ನು ಪುರಸಭೆಯ ಕಿಟಕಿಯಿಂದ ಎಸೆದರು. ಅವನು ಎರಡು ಸಲ ಪಕ್ಷ ಬದಲಿಸಿದ, ಅದೇ ಭಾಷಣ ಮಾಡಿದ. ಕೊನೆಯ ಚುನಾವಣೆಯಲ್ಲಿ ನಮ್ಮ ಬೀದಿಯವರೂ ಓಟು ಹಾಕಲಿಲ್ಲ. ವಿಯೆನ್ನಾದಿಂದ ಹೆಂಡತಿಯೂ ಬರಲಿಲ್ಲ, ಮಗನೂ ಬರಲಿಲ್ಲ. ಹೋದ ವರ್ಷ ಹಬ್ಬಕ್ಕೆ ಪಾದ್ರಿ ಬಿಟ್ಟರೆ ನರಪಿಳ್ಳೆ ಇಲ್ಲ. ರೊಟ್ಟಿಯ ಇನ್ನೊಂದು ಬದಿಯನ್ನು ನಾನೇ ಹಿಡಿದೆ. ಏನು ಮಾಡಲಿ, ಒಡಹುಟ್ಟಿದವನು.

ಈ ವರ್ಷ ಹಬ್ಬದ ದಿನ ಬೆಳಗ್ಗೆಯಿಂದ ಅವನು ಕೋಟು ತೊಟ್ಟು ಕಿಟಕಿ ಹತ್ತಿರ ನಿಂತಿದ್ದ. "ಒಬ್ಬ ಬಂದ್ರೆ ಸಾಕು ಕಣಕ್ಕಾ. ಒಬ್ಬನೇ ಒಬ್ಬ," ಎನ್ನುತ್ತಿದ್ದ. ನನಗೆ ಅಯ್ಯೋ ಅನ್ನಿಸಿತು, ಸಿಟ್ಟೂ ಬಂತು.

ಪಾದ್ರಿ ದ್ರಾಕ್ಷಾರಸ ಸುರಿಯುವ ಹೊತ್ತಿಗೆ ಬಾಗಿಲು ತೆರೆಯಿತು. ವಿಟೊಮಿರ್. ಬಾಗಿದ ಬೆನ್ನು, ಕೈಯಲ್ಲಿ ಟೋಪಿ. ವಿಟೊಮಿರ್ ಸೀದಾ ಬಂದು ರೊಟ್ಟಿಯ ತನ್ನ ಬದಿ ಹಿಡಿದ.

"ಮನೆಯ ಸತ್ತೋರ ಹೆಸರು ಹೇಳ್ತೀಯಲ್ಲ ಮಿಲೋಯೆ, ಮುರಿಯೋ ಮುಂಚೆ? ಅದ್ರಲ್ಲಿ ನನ್ ಮಗನ ಹೆಸರೂ ಹೇಳು. ನೀನಿಟ್ಟಿದ್ದು."

ಮಿಲೋಯೆ ಅಪ್ಪನ ಹೆಸರು ಹೇಳಿದ, ಅಮ್ಮನ ಹೆಸರು ಹೇಳಿದ. ಆಮೇಲೆ ಎದೆ ಸೆಟೆಸಿ, ದನಿ ಎತ್ತರಿಸಿ, "ತಾಯ್ನಾಡಿನ ಋಣ ತೀರಿಸಿದ ನಮ್ಮ ಜನಾಂಗದ ವೀರಪುತ್ರ..." ಎಂದ.

"ಹೆಸರು ಕೇಳ್ದೆ."

"ಶತ್ರುವಿನ ಎದುರು ಎದೆಯೊಡ್ಡಿ..."

"ಮಿಲೋಯೆ. ಹೆಸರು."

ಮಿಲೋಯೆಯ ಬಾಯಿ ತೆರೆದಿತ್ತು, ಮಾತು ಹೊರಡಲಿಲ್ಲ. ಇಡೀ ಊರಿಗೆ ಕಣ್ಣೀರು ಬರಿಸಿದ ಬಾಯಿ ಅದು. ವಿಟೊಮಿರ್ ಕಾದ. ಪಾದ್ರಿ ನೆಲ ನೋಡುತ್ತಿದ್ದರು. ಆಮೇಲೆ ವಿಟೊಮಿರ್ ಕೈ ಬಿಟ್ಟ, ಬೆರಳಿಗಂಟಿದ ದ್ರಾಕ್ಷಾರಸವನ್ನು ಟೋಪಿಗೆ ಒರೆಸಿಕೊಂಡು ಹೊರಟುಹೋದ.

ಮಿಲೋಯೆ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿದ.

"ಅಕ್ಕಾ, ನೀನು ಹಿಡ್ಕೋ."

ನಾನು ಕೈ ಚಾಚಲಿಲ್ಲ. "ಸ್ರೆತೆನ್," ಎಂದೆ, ಏಪ್ರನ್ ಬಿಚ್ಚಿ ಕುರ್ಚಿಗೆ ಹಾಕಿದೆ, ವಿಟೊಮಿರನ ಹಿಂದೆ ಹೊರಗೆ ನಡೆದೆ.