ಜಪಸರಕ್ಕೆ ಪೋಣಿಸಿದ ಇಂಗ್ಲಿಷ್

ನಮ್ಮ ಸುಬ್ತಿಯಾವ ಕೇರಿಯಲ್ಲಿ ಯಾರಾದರೂ ತೀರಿಕೊಂಡರೆ ಆ ಮನೆಯಲ್ಲಿ ಒಂಬತ್ತು ದಿನ ಮಧ್ಯಾಹ್ನ ಪ್ರಾರ್ಥನೆ. ಹೇಳಿಸುವವಳು ನಾನು, ಚೆಪಾ. ನಾನೊಂದು ಸಾಲು ಹೇಳಿದರೆ ಕೂತವರು ಅದಕ್ಕೆ ಉತ್ತರ ಹೇಳುತ್ತಾರೆ. ಪುಸ್ತಕ ಹಿಡಿಯುವುದಿಲ್ಲ, ಎಲ್ಲ ಬಾಯಲ್ಲೇ. ಪಕ್ಕದ ಮನೆಯ ಎನೆಯ್ದಾ ನನ್ನನ್ನು ಹುಡುಕಿಕೊಂಡು ಬಂದದ್ದು ಅದಕ್ಕೇ.

ಎನೆಯ್ದಾ ಶಾಲೆಯಲ್ಲಿ ಜೀವಶಾಸ್ತ್ರದ ಟೀಚರು. ಅಪ್ಪ ಹಿನ್ನೀರಿನಲ್ಲಿ ಚಿಪ್ಪು ಆಯುತ್ತಿದ್ದವನು. ಅವಳೂ ಮೊಣಕಾಲುದ್ದ ಕೆಸರಿನಲ್ಲಿ, ಉಪ್ಪುನೀರಲ್ಲಿ ಬೇರು ಬಿಡುವ ಕಾಂಡ್ಲಾ ಗಿಡಗಳ ನಡುವೆಯೇ ಬೆಳೆದಳು. ಆ ಕಾಂಡ್ಲಾ ಕಾಡಿನ ಬಗ್ಗೆಯೇ ಓದಲು ಇಂಗ್ಲೆಂಡಿನಲ್ಲಿ ವಿದ್ಯಾರ್ಥಿವೇತನ ಸಿಕ್ಕಿತ್ತು. ಆದರೆ ಇಂಗ್ಲಿಷ್ ಪರೀಕ್ಷೆಯಲ್ಲಿ ಒಂಬತ್ತಕ್ಕೆ ಏಳು ಬರಬೇಕು. ಎರಡು ಸಲ ಬರೆದು ಬಿದ್ದಿದ್ದಳು. ಮೂವತ್ತೈದು ದಾಟಿದವರಿಗೆ ಆ ವೇತನವಿಲ್ಲ, ಜನವರಿಗೆ ಅವಳಿಗೆ ಮೂವತ್ತಾರು. ಇದೇ ಕೊನೆ.

"ದೋನ್ಯಾ ಚೆಪಾ, ನಿಮ್ ತಲೇಲಿ ಅಷ್ಟೊಂದು ಹೆಂಗ್ ನಿಲ್ಲತ್ತೆ? ನಂಗೆ ಬೆಳಗ್ಗೆ ಕಲ್ತ ಪದ ಊಟದ ಹೊತ್ತಿಗೆ ಇರಲ್ಲ."

"ಜಪದ ಸರ ಹಿಡ್ಕೊಂಡ್ ಹೇಳ್ತೀನಿ ಮಗಳೇ. ಒಂದ್ ಮಣಿ ಇನ್ನೊಂದನ್ನ ಎಳ್ಕೊಂಡ್ ಬರತ್ತೆ. ಆದ್ರೆ ಅದು ಪ್ರಾರ್ಥನೆಗೆ, ಮಾತಾಡಕ್ಕಲ್ಲ."

"ನಂಗೀಗ ಯಾವ್ದಾದ್ರೂ ಸರಿ."

ಅವಳು ಹಾಗೇ ಮಾಡಿದಳು. ಒಂದೊಂದು ಮಣಿಗೆ ಒಂದೊಂದು ದೊಡ್ಡ ಪದ. ಅವಳು ಹೇಳಿಕೊಟ್ಟ ಅರ್ಥವನ್ನು ನಾನು ನಮ್ಮ ಮಾತಿನಲ್ಲಿ ಹೇಳಬೇಕು, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡಬೇಕು. ನಾನು "ಹಾಗಿದ್ದರೂ" ಎಂದರೆ ಅವಳು "ನಾಟ್‌ವಿತ್‌ಸ್ಟ್ಯಾಂಡಿಂಗ್". ದನಿ ಮಾತ್ರ ಸಾವಿನ ಮನೆಯದೇ. ಅವಳ ತಮ್ಮ ಯಾದೆರ್ ಸೈಕಲ್‌ಗಾಡಿ ಓಡಿಸುವವನು, ಬಾಗಿಲಲ್ಲಿ ಟೋಪಿ ತೆಗೆದು ನಿಲ್ಲುತ್ತಿದ್ದ. "ಪಾಪ, ಇಂಗ್ಲಿಷ್ ಯಾವಾಗ್ ಸತ್ತಿದ್ದು? ಇವತ್ತಿಗೆ ಎಷ್ಟನೇ ದಿನ?"

"ನಿನ್ ನಾಲಿಗೆ ಬಿದ್ದೋಗ, ಹೋಗೋ!" ಎನ್ನುತ್ತಿದ್ದಳು, ಮಣಿ ಬಿಡದೆ.

ಪರೀಕ್ಷೆಗೆ ವಾರವಿರುವಾಗ ಮೂಲೆಮನೆಯ ದೋನ್ ಅಬುಂದಿಯೊ ತೀರಿಕೊಂಡರು. ಅವರ ಮನೆಯ ಪ್ರಾರ್ಥನೆಯಲ್ಲಿ ನಾನು ಸಂತರ ಹೆಸರು ಹೇಳಿಸುತ್ತಿದ್ದೆ, ಎಲ್ಲರೂ "ನಮಗಾಗಿ ಬೇಡಿಕೊಳ್ಳಿ" ಎನ್ನುತ್ತಿದ್ದರು. ನಡುವೆ ಎನೆಯ್ದಾಳ ಗಟ್ಟಿ ದನಿ: "ಫರ್ದರ್‌ಮೋರ್!"

ಎಲ್ಲರೂ ತಿರುಗಿದರು. ಅಬುಂದಿಯೊ ಅವರ ಹೆಂಡತಿ ಕಣ್ಣೊರೆಸಿಕೊಂಡು, "ನನ್ ಗಂಡಂಗೆ ನಾನ್ ಹೇಳಿದ್ದೇ ಕೇಳಿಸ್ತಿರ್ಲಿಲ್ಲ, ಈಗ ಇಂಗ್ಲಿಷ್ ಬೇರೆ ಕೇಳ್ಬೇಕಾ?" ಎಂದಳು. ಮನೆಯಿಡೀ ನಕ್ಕಿತು. ಎನೆಯ್ದಾ ನಗಲಿಲ್ಲ. ಬೆರಳು ಬೆಳ್ಳಗಾಗುವ ಹಾಗೆ ಸರ ಹಿಡಿದುಕೊಂಡಿದ್ದಳು.

ಪರೀಕ್ಷೆಗೆ ರಾಜಧಾನಿ ಮನಾಗುವಾಗೆ ನಾನೂ ಹೋದೆ. ಒಳಗೆ ಏನನ್ನೂ ಒಯ್ಯುವಂತಿಲ್ಲವಂತೆ, ಸರವನ್ನೂ. ಅದನ್ನು ನನ್ನ ಕೈಗೆ ಹಾಕಿ ಬರಿಗೈಯಲ್ಲಿ ಹೋದಳು. ಹೊರಗೆ ಬಂದಾಗ ಮುಖ ಒಣಗಿದ ಜೋಳದ ಸಿಪ್ಪೆಯಂತಿತ್ತು. ವಾಪಸು ಬರುವ ಬಸ್ಸಿನಲ್ಲಿ ಹೇಳಿದಳು.

"ಬರೆಯೋದು ಹೆಂಗೋ ಆಯ್ತು ದೋನ್ಯಾ. ಮಾತಾಡೋದ್ರಲ್ಲಿ... ಪರೀಕ್ಷೆ ಮಾಡೋನು ಇಷ್ಟವಾದ ಜಾಗ ಯಾವ್ದು ಹೇಳಮ್ಮ ಅಂದ, ಅಷ್ಟೇ."

"ಕಾಂಡ್ಲಾ ಕಾಡು ಅನ್ನಬಾರದಿತ್ತೇನೇ!"

"ಅಂದೆ. ಮುಂದಕ್ಕೆ ಏನೂ ಬರ್ಲಿಲ್ಲ. ಒಂದ್ ಪದ ಬೇಕಂದ್ರೆ ಮೊದಲ್ನೇ ಮಣಿಯಿಂದ ಹೇಳ್ಕೊಂಡ್ ಬರ್ಬೇಕು. ಜೋರಾಗೇ ಹೇಳ್ಕೊಂಡ್ ಬಂದ್ಬಿಟ್ಟೆ. ಅವ್ನು ಕೈ ಎತ್ತಿ ನಿಲ್ಸ್ದ. ನಿಲ್ಲಕ್ಕೇ ಆಗ್ಲಿಲ್ಲ ನಂಗೆ."

ಆಮೇಲೆ ತಾನಾಗಿಯೇ ಆ ಕಾಡಿನ ಬಗ್ಗೆ ಹೇಳತೊಡಗಿದಳು, ನಮ್ಮ ಮಾತಿನಲ್ಲಿ. ಇಳಿತದ ನೀರಿನಲ್ಲಿ ಬೇರುಗಳು ಟಕ್ ಟಕ್ ಸದ್ದು ಮಾಡುವುದು, ಏಡಿಗಳು ಎಲೆ ಎಳೆದೊಯ್ಯುವುದು. ಮುಂದಿನ ಸೀಟಿನವರು ಕೂಡ ತಿರುಗಿ ಕೇಳಿಸಿಕೊಂಡರು. ಅವಳು ಹೇಳುತ್ತಲೇ ಅತ್ತಳು.

ಫಲಿತಾಂಶ ಬಂದದ್ದು ಶನಿವಾರ, ನನ್ನ ಅಡುಗೆಮನೆಯಲ್ಲಿ. ನಾವಿಬ್ಬರೂ ಬಾಳೆಲೆಯಲ್ಲಿ ನಕತಮಾಲ್ ಕಡುಬು ಕಟ್ಟುತ್ತಿದ್ದೆವು. ಫೋನು ನೋಡಿ ನನ್ನತ್ತ ಚಾಚಿದಳು. ಇಂಗ್ಲಿಷ್ ನನಗೆ ಬಾರದು, ಅಂಕಿ ಗೊತ್ತಾಗುತ್ತದೆ. ಆರೂವರೆ.

"ಅರ್ಧ ತಾನೇ ಮಗಳೇ? ಅರ್ಧಕ್ಕೋಸ್ಕರ ಯಾರಾದ್ರೂ ಬೇಡ ಅಂತಾರಾ?"

"ಅಂತಾರೆ ದೋನ್ಯಾ."

ಹಿಟ್ಟು ಮೆತ್ತಿದ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ಇನ್ನೊಂದು ಎಲೆ ಹಾಸಿದಳು, ಹಿಟ್ಟಿಟ್ಟು ಮಾಂಸವಿಟ್ಟು ಮಡಿಚಿ ದಾರ ಸುತ್ತಿದಳು. ಗಂಟು ನಿಲ್ಲಲಿಲ್ಲ. ಮತ್ತೆ ಸುತ್ತಿದಳು, ಮತ್ತೆ ಜಾರಿತು. ನಾನು ದಾರದ ತುದಿಯ ಮೇಲೆ ಬೆರಳಿಟ್ಟು ಹಿಡಿದುಕೊಂಡೆ.