ಹೆಸರಿಲ್ಲದ ಮರಕ್ಕೆ ಕಾಫಿ

ನಾಳೆ ನಮ್ಮ ಯಜಮಾನರ ವರ್ಷದ ತಿಥಿ. ಅವರ ಫೋಟೊಗೆ ಕಟ್ಟು ಹಾಕಿಸುತ್ತೇನೆಂದು ಹೋಗಿದ್ದ ಮೈದುನ ಶಿವು ಈಗಷ್ಟೇ ಬಂದು, ಸುತ್ತಿದ್ದ ಪೇಪರ್ ಬಿಚ್ಚಿ, ಖಾಲಿ ಚೌಕಟ್ಟನ್ನು ನನ್ನ ಮುಂದಿಟ್ಟ.

“ಗಟ್ಟಿ ತೇಗ ಅತ್ತಿಗೆ. ಅಣ್ಣಂಗೆ ಅಂತ ಹೇಳೇ ಮಾಡಿಸ್ದೆ.”

ಮೂಗಿಗೆ ಬಡಿದದ್ದು ಮರದ ವಾಸನೆಯಲ್ಲ, ಅಂಟಿನದು. ಸುಳ್ಳು ಮರವನ್ನು ಹೊಸಿಲು ದಾಟಿಸದ ಮನುಷ್ಯನನ್ನು ಇದರೊಳಗೆ ಕೂರಿಸುವುದು ಹೇಗೆ? ಇಷ್ಟು ಪ್ರೀತಿಯಿಂದ ತಂದವನಿಗೆ ಬೇಡವೆನ್ನುವುದಾದರೂ ಹೇಗೆ?

ಬನ್ನಿಮಂಟಪದ ಹತ್ತಿರ ಮರದ ಮಿಲ್ ಇಟ್ಟಿದ್ದ ಅವರಿಗೆ ಲ್ಯಾಟಿನ್ ಹೆಸರುಗಳ ಹುಚ್ಚು. ಎಲ್ಲಿ ಅಂಟಿತೋ ಕಾಣೆ. ಮದುವೆಯಾದ ಹೊಸತರಲ್ಲಿ ಪಾರ್ಕಿಗೆ ಕರೆದುಕೊಂಡು ಹೋದರೆ, ಮರಗಳಿಗೆ ಹೊಡೆದ ಹೆಸರಿನ ತಗಡುಗಳನ್ನು ನನ್ನಿಂದ ಓದಿಸುತ್ತಿದ್ದರು. ಬೇರೆ ಮದುವಣಗಿತ್ತಿಯರು ಹಾಡು ಕೇಳಿಸಿಕೊಂಡರೆ ನಾನು ಬೀಟೆ ಮರಕ್ಕೆ ‘ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ’ ಅನ್ನುವುದನ್ನು ಕಲಿತೆ. ಮನೆಗೆ ಬಂದರೆ ಮಂಚದ ಕೆಳಗೆಲ್ಲ ‘ಮುಂದೆ ಬೇಕಾಗತ್ತೆ’ ಎಂದು ಪೇರಿಸಿದ ತುಂಡು ಹಲಗೆಗಳು. ಕಸ ಗುಡಿಸುವಾಗೆಲ್ಲ ಜಗಳ.

ಒಮ್ಮೆ ಬೋಗಾದಿಯಲ್ಲಿ ನೆಂಟರ ಗೃಹಪ್ರವೇಶ. ನೀವೂ ನೋಡಿರುತ್ತೀರಿ, ಮರದ ವ್ಯಾಪಾರಿ ಊಟಕ್ಕೆ ಬಂದರೂ ಅವನ ಕೈಗೆ ಮೊದಲು ಬಾಗಿಲನ್ನೇ ಬಡಿಸುತ್ತಾರೆ.

“ಒಂದೇ ಹಲಗೆ ತೇಗ ಕಣ್ರೀ! ಎಂಗದೆ?” ಎಂದರು ಆ ಮನೆಯ ಯಜಮಾನರು.

ಇವರು ಅಂಗೈ ಇಟ್ಟು, ಬೆರಳ ಗೆಣ್ಣಿನಿಂದ ತಟ್ಟಿ, ಕಣ್ಣು ಮುಚ್ಚಿ, ಗಂಭೀರವಾಗಿ ಹೇಳಿದರು: “ಮ್ಯಾಂಜಿಫೆರಾ ಇಂಡಿಕಾ.”

ಅಂದರೆ ಮಾವಿನ ಮರ. ಆತ ಭಕ್ತಿಯಿಂದ ಕೈಮುಗಿದರು. ಅವರ ಹೆಂಡತಿ ಸೆರಗು ಸರಿಮಾಡಿಕೊಂಡು, “ದೇವ್ರ ಕೋಣೆ ಬಾಗಿಲಿಗೂ ಒಂದ್ಸಲ ಹೇಳ್ಬುಡಿ” ಎಂದು ಕರೆದೊಯ್ದರು. ಇವರು ಅದನ್ನೂ ತಟ್ಟಿದರು. ಮರದ ಹೊಟ್ಟಿಗೆ ಅಂಟು ಕಲಸಿ ಒತ್ತಿದ ಶೀಟು ಅದು. ಲ್ಯಾಟಿನ್ನಿನಲ್ಲಿ ಅದಕ್ಕೆ ಹೆಸರೇ ಇಲ್ಲ. ಬಾಗಿಲಿನಿಂದ ಕೈ ತೆಗೆದು, “ತಾಯಿ, ಕಾಫಿ ಇದ್ಯಾ?” ಎಂದುಬಿಟ್ಟರು.

ವಾಪಸು ಬರುವಾಗ ಸ್ಕೂಟರಿನ ಹಿಂದಿನಿಂದ ಗದರಿದೆ: “ಪಾಪ, ಹಿಂಗಾ ಸುಳ್ಳು ಹೇಳೋದು?”

“ಸುಳ್ಳೆಲ್ಲಿ ಹೇಳ್ದೆ? ಇರೋದನ್ನೇ ಹೇಳ್ದೆ, ಅವರಿಗೂ ಖುಷಿ ಆಯ್ತು. ಹೆಸರೇ ಇಲ್ದೇ ಇರೋದಕ್ಕೆ ಕಾಫೀನೇ ದಾರಿ ಕಣೇ.”

ಅಂದಿನಿಂದ ನಮ್ಮ ಮನೆಯಲ್ಲಿ ಅದೇ ರೂಢಿಯಾಯಿತು. ಯಾರದೋ ಸೋಫಾ ತಟ್ಟಿ ಇವರು ಕಾಫಿ ಕೇಳಿದರೆ ಶಿವು ನಗು ತಡೆಯಲಾರದೆ ಎದ್ದು ಹೊರಗೆ ಹೋಗುತ್ತಿದ್ದ.

ಈಗ ನಾನು ಚೌಕಟ್ಟಿನ ಮೇಲೆ ಅಂಗೈ ಇಟ್ಟೆ. ತಟ್ಟಿದೆ. ಸದ್ದು ಒದ್ದೆ ರಟ್ಟಿನದು. ಬಾಯಿಗೆ ಯಾವ ಹೆಸರೂ ಬರಲಿಲ್ಲ.

“ಶಿವು, ಕಾಫಿ ಕುಡೀತೀಯೇನೋ?”

ಅವನು ನನ್ನನ್ನೇ ನೋಡಿದ. “ಅಯ್ಯೋ ಅತ್ತಿಗೆ! ಮಾವಿನದಾದ್ರೂ ಅಲ್ವಾ?”

“ಅಲ್ಲ ಕಣೋ.”

ಅವನಿಗೆ ನಗು ಬಂತು. ನನಗೂ. ಒಂದು ವರ್ಷದಲ್ಲಿ ಈ ಮನೆಯಲ್ಲಿ ಇಬ್ಬರು ಒಟ್ಟಿಗೆ ನಕ್ಕದ್ದು ಇದೇ ಮೊದಲು. ನಗುತ್ತಾ ನಗುತ್ತಾ ಅವನು ಕಣ್ಣೊರೆಸಿಕೊಂಡ. ಸೆರಗು ನನಗೂ ಬೇಕಾಯಿತು.

ಕಾಫಿ ಕುಡಿದು, ಮಂಚದ ಕೆಳಗೆ ಬಗ್ಗಿ ಒಂದು ಹಲಗೆ ಎಳೆದೆ. ಧೂಳು ಒರೆಸಿ, ಅಂಗೈ ಇಟ್ಟು, ತಟ್ಟಿ, ಕಣ್ಣು ಮುಚ್ಚಿದೆ. ಹೊನ್ನೆ ಮರ.

“ಟೆರೊಕಾರ್ಪಸ್ ಮಾರ್ಸೂಪಿಯಮ್” ಎಂದೆ.

ಶಿವು ಎದ್ದು ನಿಂತು ಕೈಮುಗಿದ. ಆಮೇಲೆ ಹಲಗೆಯನ್ನು ಹೆಗಲಿಗೇರಿಸಿಕೊಂಡು ಬಡಗಿಯ ಮನೆಗೆ ಹೊರಟ.