ಕಾಲು ತುಳಿಯುವ ಕೆಲಸ

ಪ್ರತಿ ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ ನನ್ನ ಭಾವನ ಕಾಲು ತುಳಿಯುವುದು ನನ್ನ ಕೆಲಸವಾಗಿತ್ತು. ಮೂರು ವರ್ಷ ಒಂದು ಭಾನುವಾರವೂ ತಪ್ಪಿಸಲಿಲ್ಲ. ಉಳಿದ ದಿನಗಳಲ್ಲಿ ನಾನು ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವವನು. ಸಂಗೀತಕ್ಕೂ ನನಗೂ ಎಣ್ಣೆ ಸೀಗೇಕಾಯಿ. ಆದರೂ ಹೋಗುತ್ತಿದ್ದೆ, ಏಕೆಂದರೆ ಅಕ್ಕ ಹೇಳಿದ್ದಳು. ಅಕ್ಕ ಹೇಳಿದ ಮೇಲೆ ನಮ್ಮ ಮನೆಯಲ್ಲಿ ಮೇಲ್ಮನವಿ ಇಲ್ಲ.

ಭಾವ ಮೂವತ್ತಾರು ವರ್ಷ ತಗಡಿನ ಡಬ್ಬ ಮಾಡುವ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಯಂತ್ರ ಕೆಟ್ಟರೆ ಬೇರೆಯವರು ಬಿಚ್ಚಿ ನೋಡುತ್ತಿದ್ದರು. ಭಾವ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಇಟ್ಟು, ಕಣ್ಣು ಮುಚ್ಚಿ, "ಇದು ಇನ್ನು ಹದಿನೈದು ದಿನ ಬರುತ್ತೆ" ಅನ್ನುತ್ತಿದ್ದರು. ಹದಿನಾರನೇ ದಿನ ಅದು ಹೋಗುತ್ತಿತ್ತು. ಅಂಥ ಕಿವಿ. ಸಾವಿರಾರು ಡಬ್ಬಗಳು ಒಂದಕ್ಕೊಂದು ಬಡಿದುಕೊಂಡು ಸಾಗುವ ಆ ಗದ್ದಲದಲ್ಲಿ ಅದನ್ನು ಹತ್ತಿಯಿಲ್ಲದೆ, ಮುಚ್ಚಳವಿಲ್ಲದೆ ಮೂವತ್ತಾರು ವರ್ಷ ದುಡಿಸಿದರು. ಯಂತ್ರಕ್ಕೆ ಎಣ್ಣೆ ಬಿಟ್ಟವರಿಗೆ ತಮ್ಮ ಕಿವಿಯ ನೆನಪು ಬರಲಿಲ್ಲ.

ಇನ್ನು ಭಾನುವಾರದ ವಿಷಯ. ಪೇಟೆ ಬೀದಿಯ ಮೂಲೆಯ ದರ್ಜಿ ಅಂಗಡಿಯಲ್ಲಿ ಒಂದು ಅಭಿಮಾನಿ ಬಳಗ ಸೇರುತ್ತದೆ. ಹನ್ನೊಂದು ಜನ. ಅವರೆಲ್ಲರ ಆರಾಧ್ಯ ಒಬ್ಬ ಹಾಡುಗಾರರು. ವಯಸ್ಸು ಎಪ್ಪತ್ತೊಂದು, ನಲವತ್ತೈದು ವರ್ಷದಿಂದ ಹಾಡುತ್ತಿದ್ದಾರೆ. ಬಳಗದಲ್ಲಿ ಅವರನ್ನು ಕರೆಯುವುದು "ದೊಡ್ಡವ್ರು" ಅಂತ. ಹೊಸ ಹಾಡು ಬಂದರೆ ದರ್ಜಿಯ ಕತ್ತರಿಸುವ ಮೇಜಿನ ಮೇಲೆ, ಮಡಿಸಿದ ಬಟ್ಟೆಯ ಮೇಲೆ ಸ್ಪೀಕರ್ ಇಟ್ಟು ಮೂರು ಸಲ ಹಾಕುತ್ತಾರೆ. ಆಗ ಯಾರೂ ಕೆಮ್ಮುವಂತಿಲ್ಲ. ಆಮೇಲೆ ಜಗಳ. ಜಗಳ ಸಾಕಾದ ಮೇಲೆ ಎಲ್ಲರೂ ಗುಂಡಿ ಹೊಲಿಯುವ ಯಂತ್ರದ ಪಕ್ಕದ ಎತ್ತರದ ಸ್ಟೂಲಿನ ಕಡೆ ತಿರುಗುತ್ತಾರೆ. ಅಲ್ಲಿ ಕೂತವರು ಭಾವ. ಅವರು ಒಂದು ಮಾತು ಹೇಳುತ್ತಾರೆ, ದರ್ಜಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಾನೆ, ಅಲ್ಲಿಗೆ ಮುಗಿಯಿತು. ಇಪ್ಪತ್ತೆರಡು ವರ್ಷದಿಂದ ಹೀಗೇ. ಅದಕ್ಕೇ ಅವರಿಗೆ ಅಲ್ಲಿ ಜಡ್ಜಣ್ಣ ಎಂದು ಹೆಸರು.

ನಿವೃತ್ತಿಯಾದ ಮೇಲೆ ಭಾವನಿಗೆ ಉಳಿದ ಮರ್ಯಾದೆಯ ಜಾಗ ಆ ಸ್ಟೂಲ್ ಒಂದೇ. ಕಾರ್ಖಾನೆಯವರು ಒಂದು ಗೋಡೆ ಗಡಿಯಾರ ಕೊಟ್ಟು ಕೈ ತೊಳೆದುಕೊಂಡರು. ಮನೆಯಲ್ಲಿ ಅವರ ಮಾತಿಗೆ ಎಷ್ಟು ಬೆಲೆ ಎಂಬುದನ್ನು ಆಗಲೇ ಹೇಳಿದೆ.

ಮೂರು ವರ್ಷದ ಹಿಂದೆ ಅವರನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದವನು ನಾನೇ. ಡಾಕ್ಟರು ಕಿವಿಗೆ ಹಾಕಿಕೊಳ್ಳಲು ಕಡಲೆಬೀಜದ ಗಾತ್ರದ ಎರಡು ಯಂತ್ರ ಕೊಟ್ಟು ಹೇಳಿದರು: "ಇದು ಮಾತಿಗೆ ಮಾಡಿದ್ದು, ಹಾಡಿಗಲ್ಲ. ಎಳೆದು ಹಾಡಿದ್ರೆ ಯಂತ್ರ ಅದನ್ನ ಸಿಳ್ಳೆ ಅಂದ್ಕೊಂಡು ಅಮುಕೋಕೆ ಹೋಗುತ್ತೆ." ಅದು ನಿಜವಾಯಿತು. ಮನೆಗೆ ಬಂದು ದೊಡ್ಡವರ ಹಳೆಯ ಹಾಡು ಹಾಕಿದಾಗ ಭಾವ ಎರಡೇ ನಿಮಿಷ ಕೇಳಿದರು. "ಯಾರೋ ನೀರೊಳಗೆ ಮುಳುಗಿ ಅಳ್ತಿರೋ ಹಾಗಿದೆ ಕಣೋ" ಅಂದರು. ಯಂತ್ರ ತೆಗೆದರೆ ಬರೀ ಗುಂಯ್ ಎಂಬ ಸದ್ದು. ಆಮೇಲೆ ಅವರು ಮನೆಯಲ್ಲಿ ಹಾಡು ಕೇಳಲಿಲ್ಲ.

ಆದರೆ ಸ್ಟೂಲ್ ಬಿಡುವುದು ಹೇಗೆ? ಆಗ ಅಕ್ಕ ಒಂದು ಏರ್ಪಾಟು ಮಾಡಿದಳು. ಹೊಸ ಹಾಡು ಬಂದರೆ ಅವಳು ಅಡಿಗೆಮನೆಯಲ್ಲಿ ಕೇಳುವುದು, ತೀರ್ಪನ್ನು ಚೀಟಿಯಲ್ಲಿ ಬರೆದುಕೊಡುವುದು, ಭಾವ ಬಾಯಿಪಾಠ ಮಾಡುವುದು. ಯಂತ್ರ ಕಾಣದಂತೆ ಉಣ್ಣೆಯ ಟೋಪಿ. ಹಾಡು ಮುಗಿದದ್ದು ಯಾವಾಗ, ನಡುವೆ ಸದ್ದು ತಗ್ಗಿದ್ದು ಯಾವಾಗ ಎಂದು ಅವರಿಗೆ ತಿಳಿಯುತ್ತಿರಲಿಲ್ಲವಲ್ಲ, ಮುಗಿದ ಕೂಡಲೇ ಕಾಲು ತುಳಿಯಲು ಪಕ್ಕದಲ್ಲಿ ನಾನು. ಕಡು ಬೇಸಿಗೆಯಲ್ಲಿ ಉಣ್ಣೆಯ ಟೋಪಿ ಏಕೆಂದು ಯಾರಾದರೂ ಕೇಳಿದರೆ "ನೆಗಡಿ" ಅನ್ನುವುದು. ದರ್ಜಿ ಒಮ್ಮೆಯೂ ಕೇಳಲಿಲ್ಲ. ಅವನಿಗೆ ಮನುಷ್ಯರು ಕಾಣುವುದೇ ಭುಜದಿಂದ ಕೆಳಗೆ.

ಏರ್ಪಾಟು ಚೆನ್ನಾಗಿಯೇ ನಡೆಯಿತು. ಎಷ್ಟು ಚೆನ್ನಾಗಿ ಅಂದರೆ, ಕಳೆದ ವರ್ಷದ ತೀರ್ಪನ್ನು ದರ್ಜಿ ಬಟ್ಟೆಯ ಮೇಲೆ ಕಸೂತಿ ಹಾಕಿ ಕನ್ನಡಿಯ ಮೇಲೆ ತೂಗುಹಾಕಿದ: "ಪಿಟೀಲು ಇನ್ನೇನು ಅಳಬೇಕು ಅನ್ನುವಷ್ಟರಲ್ಲಿ ನಿಲ್ಲಿಸಿದ್ದಾರೆ. ಹಾಡು ಗೆದ್ದಿರುವುದು ಅಲ್ಲೇ." ಭಾವ ಅದನ್ನು ನೋಡಿದಾಗಲೆಲ್ಲ ಉಗುಳು ನುಂಗುತ್ತಿದ್ದರು.

ಈ ಸಲ ದೊಡ್ಡವರು ಮಾಡಿದ್ದು ಬೇರೆಯೇ. ಹೊಸ ಹಾಡಿನಲ್ಲಿ ರಾಗವೇ ಇಲ್ಲ. ಹುಡುಗರು ಮಾಡುವ ರ್‍ಯಾಪ್ ಥರ. ಒಂದು ಡ್ರಮ್ಮು, ಅದರ ಮೇಲೆ ತಾಳಕ್ಕೆ ಸರಿಯಾಗಿ ಮಾತು. ಮನೆಯ ಮೆಟ್ಟಿಲು ಹತ್ತುವ ಮುದುಕನ ಮಾತು: ಮೆಟ್ಟಿಲು ಹನ್ನೊಂದು, ಮಂಡಿ ಎರಡು, ಇರೋ ಉಸಿರು ಒಂದೇ, ಹತ್ತು. ಹೀಗೆ ನಾಲ್ಕು ನಿಮಿಷ. ಅಕ್ಕ ಚೀಟಿ ಬರೆಯಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. "ಇದು ಹಾಡೇ ಅಲ್ಲ." ಭಾವನಿಗೆ ಬಾಯಿಪಾಠವೂ ಸಲೀಸಾಯಿತು.

ಅಂಗಡಿಗೆ ಹೋದರೆ ಹಾಡು ಹಾಕುವ ಮೊದಲೇ ಜಗಳ ಹತ್ತಿಕೊಂಡಿತ್ತು. ದರ್ಜಿ ಒಂದು ಕಾಗದ ಬರೆದು ಇಟ್ಟಿದ್ದ. ದೊಡ್ಡವರಿಗೆ, ಇಂಥದ್ದು ಇನ್ನು ದಯವಿಟ್ಟು ಬೇಡ, ಇಂತಿ ನಿಮ್ಮ ಅಭಿಮಾನಿಗಳು.

"ಅರವತ್ತಕ್ಕೆ ಅರಳು ಮರಳು ಅಂತಾರೆ. ಇವ್ರಿಗೆ ಹನ್ನೊಂದು ವರ್ಷ ತಡವಾಗಿ ಬಂದಿದೆ" ಅಂದ ದರ್ಜಿ. "ಹೆಣ್ಣುಮಕ್ಕಳು ಹೊಸಿಲಲ್ಲಿ ನಿಂತು ಕೇಳ್ತಿದ್ದ ದನಿ ಅದು. ಈಗ ಬಸ್ ಕಂಡಕ್ಟರ್ ಥರ ಕೂಗ್ತಿದ್ದಾರೆ."

ಬಳಗದಲ್ಲಿ ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವರು ಶಾಲೆಯ ಡ್ರಾಯಿಂಗ್ ಟೀಚರ್. ಅವರು ಬಡಪೆಟ್ಟಿಗೆ ಬಗ್ಗುವವರಲ್ಲ. "ದೊಡ್ಡವ್ರು ನಿಮ್ಮ ಅಳತೆಗೆ ಹೊಲಿಸ್ಕೊಳ್ಳೋಕೆ ಬಂದವರಲ್ಲ ಸ್ವಾಮಿ. ಇರೋ ಉಸಿರಲ್ಲಿ ಏನಾಗುತ್ತೋ ಅದು ಮಾಡಿದ್ದಾರೆ. ನೀವು ಹೋಗಿ ಹಳೇದನ್ನೇ ಕೇಳಿ, ಯಾರು ಬೇಡ ಅಂದ್ರು?"

"ಹಾಗಾದ್ರೆ ನಾನು ಪ್ಯಾಂಟ್ ಕೇಳಿದವ್ರಿಗೆ ದಿಂಬಿನ ಚೀಲ ಹೊಲ್ಕೊಡ್ಲಾ?"

"ಕೊಟ್ಟಿದ್ದೀರಲ್ಲ, ನಮ್ಮೆಜಮಾನ್ರಿಗೆ."

ದರ್ಜಿ ಕೆಂಪಾದ. ನಾಲ್ಕು ಜನ ಆ ಕಡೆ, ನಾಲ್ಕು ಜನ ಈ ಕಡೆ. ಆ ಕಾಗದ ಹೋದರೆ ತಾನೂ ಬಳಗ ಬಿಟ್ಟು ಹೋಗುತ್ತೇನೆ ಅಂದರು ಟೀಚರ್. ಕೊನೆಗೆ ಒಪ್ಪಂದವಾಯಿತು. ಮೂರು ಸಲ ಕೇಳೋಣ. ಜಡ್ಜಣ್ಣ ಹಾಡಲ್ಲ ಅಂದರೆ ಮೊದಲ ಸಹಿ ಅವರದು, ಆಮೇಲೆ ಎಲ್ಲರದು.

ಹಾಡು ಹಾಕಿದರು. ಭಾವ ಎಂದಿನಂತೆ ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ ಕೂತರು. ನಾನು ನನ್ನ ಪಾದವನ್ನು ಅವರ ಚಪ್ಪಲಿಯ ಪಕ್ಕ ಸರಿಸಿ ಇಟ್ಟುಕೊಂಡೆ. ಡ್ರಮ್ಮು ನಿಂತಿತು. ನಾನಿನ್ನೂ ಕಾಲು ಎತ್ತಿರಲಿಲ್ಲ, ಭಾವ ಕಣ್ಣು ಬಿಟ್ಟು ನನ್ನ ಕಡೆ ನೋಡಿದರು.

ಎರಡನೇ ಸಲ ಅವರ ಹೆಬ್ಬೆರಳು ಚಪ್ಪಲಿಯೊಳಗೆ ತಾಳ ಹಾಕುತ್ತಿತ್ತು. ಮೂರನೇ ಸಲ ಮಂಡಿಯ ಮಾತು ಬಂದಾಗ ನಕ್ಕರು. ಸರಿಯಾದ ಜಾಗದಲ್ಲಿ ನಕ್ಕರು! ಮನುಷ್ಯನಿಗೆ ಹಾಡು ಕೇಳಿಸುತ್ತಿದೆ. ಎಳೆತವಿಲ್ಲ, ಬರೀ ಮಾತು ಮತ್ತು ಪೆಟ್ಟು. ಯಂತ್ರ ಮಾಡಿದ್ದೇ ಅದಕ್ಕಲ್ಲವೇ.

"ಹೇಳಿ ಜಡ್ಜಣ್ಣ" ಅಂದ ದರ್ಜಿ, ಪೆನ್ನಿನ ಮುಚ್ಚಳ ತೆಗೆದು.

"ಇನ್ನೊಂದ್ಸಲ ಹಾಕು."

ಇಪ್ಪತ್ತೆರಡು ವರ್ಷದಲ್ಲಿ ನಾಲ್ಕನೇ ಸಲ ಕೇಳಿದವರಿಲ್ಲ. ಹಾಕಿದರು. ಅದೂ ಮುಗಿಯಿತು. ನಾನು ಅಕ್ಕನ ಚೀಟಿಯನ್ನು ನೆನಪಿಸಲು ಅವರ ಕಾಲನ್ನು ಜೋರಾಗಿಯೇ ತುಳಿದೆ. ಮೂರೇ ಪದ ಹೇಳಿ ಸಹಿ ಹಾಕಿದ್ದರೆ ಸ್ಟೂಲ್ ಇವತ್ತಿಗೂ ಅವರದೇ. ಭಾವ ನನ್ನ ತುಳಿತವನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

"ಇದು ಒಳ್ಳೇ ಹಾಡೋ ಕೆಟ್ಟದ್ದೋ ನಂಗೆ ಗೊತ್ತಿಲ್ಲ" ಅಂದರು. "ನಂಗಿದು ಕೇಳಿಸ್ತು. ಮೂರು ವರ್ಷದಲ್ಲಿ ಇದೊಂದೇ ಕೇಳಿಸಿದ್ದು."

ಯಾರಿಗೂ ಅರ್ಥವಾಗಲಿಲ್ಲ. ಭಾವ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ಎರಡೂ ಯಂತ್ರ ಬಿಚ್ಚಿ ಮೇಜಿನ ಮೇಲೆ, ಸೀಮೆಸುಣ್ಣ ಮತ್ತು ಗುಂಡಿಗಳ ನಡುವೆ ಇಟ್ಟರು. ಟೀಚರ್ "ಯಾವಾಗಿಂದ ಸರ್?" ಎಂದು ಕೇಳಿದರು. ಭಾವ ಅವರ ತುಟಿಯನ್ನೇ ನೋಡುತ್ತಿದ್ದರು. ಟೀಚರ್ ಇನ್ನೊಮ್ಮೆ ಕೇಳಿದರು. ಭಾವ ಯಂತ್ರ ಎತ್ತಿಕೊಂಡು, ಒರೆಸಿ, ಒಂದೊಂದಾಗಿ ಹಾಕಿಕೊಳ್ಳುವ ತನಕ ಹನ್ನೊಂದು ಜನರ ಬಳಗ ಕಾದು ಕೂತಿತ್ತು. ನನಗೆ ಎದ್ದು ಹೋಗಬೇಕೆನಿಸಿತು.

ದರ್ಜಿ ಕನ್ನಡಿಯ ಮೇಲಿನ ಕಸೂತಿ ತೋರಿಸಿದ. "ಮತ್ತೆ ಇದು?"

"ನನ್ನ ಹೆಂಡತೀದು."

"ಇಪ್ಪತ್ತೆರಡು ವರ್ಷ ನಂಬಿದ್ವಲ್ಲ ಜಡ್ಜಣ್ಣ!"

"ಹತ್ತೊಂಬತ್ತು ವರ್ಷ ನನ್ನ ಕಿವಿನೇ. ಮೂರು ವರ್ಷ ಟೋಪಿ ಹಾಕಿದ್ದು ನಿಜ" ಅಂದರು ಭಾವ. ಸ್ಟೂಲಿನಿಂದ ಇಳಿದು ಬೆಂಚಿನ ತುದಿಯಲ್ಲಿ, ಗಿರಾಕಿಗಳು ಕೂರುವ ಜಾಗದಲ್ಲಿ ಕೂತರು. ಅಲ್ಲಿ ಅವರು ಬಹಳ ಸಣ್ಣವರಾಗಿ ಕಂಡರು. ನನಗೆ ನೋವಾಯಿತು, ಹೇಳಲು ನಾಚಿಕೆಯಿಲ್ಲ.

ದರ್ಜಿ ಸ್ವಲ್ಪ ಹೊತ್ತು ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದ. "ತೀರ್ಪು ಬಾಕಿ ಇದೆ" ಅಂದ, ಯಾರ ಮುಖವನ್ನೂ ನೋಡದೆ. "ಮುಂದಿನ ತಿಂಗಳು ನಿಮ್ಮ ಮನೆಯವ್ರನ್ನೇ ಕರ್ಕೊಂಡು ಬನ್ನಿ."

ಅಕ್ಕನಿಗೆ ವಿಷಯ ತಿಳಿದಾಗ ಅವಳು ಗಂಡನನ್ನು ಬಿಟ್ಟು ನನ್ನನ್ನು ಬೈದಳು. "ಒಂದು ಕಾಲು ತುಳಿಯೋಕೆ ಬರಲ್ವಲ್ಲೋ ನಿಂಗೆ!" ಆದರೂ ಮುಂದಿನ ತಿಂಗಳು ಬಂದಳು. ಕೈಚೀಲವನ್ನು ತೊಡೆಯ ಮೇಲಿಟ್ಟು ಸ್ಟೂಲಿನ ಮೇಲೆ ಕೂತಳು. ಮೂರು ಸಲ ಕೇಳಿದಳು.

"ಇದು ಹಾಡಲ್ಲ" ಅಂದಳು. "ವಯಸ್ಸಾದವ್ರ ಗೊಣಗಾಟ. ನಮ್ಮನೇಲಿ ದಿನಾ ಇರುತ್ತೆ."

ದರ್ಜಿ ಗೆದ್ದವನಂತೆ ಕಾಗದ ಮುಂದೆ ಹಿಡಿದ. ಅಕ್ಕ ಅದನ್ನು ಓದಿ ಹಿಂದಕ್ಕೆ ಕೊಟ್ಟಳು. "ಹಾಡಲ್ಲ ಅಂದೆ. ಅವ್ರಿಗೆ ಮಾತಾಡ್ಬೇಡಿ ಅಂದೆನಾ?"

"ಈ ತೀರ್ಪಿಗೆ ನನ್ನ ಒಪ್ಪಿಗೆ ಇಲ್ಲ ಅಂತ್ಲೂ ಬರಿ" ಅಂದರು ಬೆಂಚಿನ ಮೇಲಿದ್ದ ಭಾವ. ನೋಟ್‌ಬುಕ್ಕಿನಲ್ಲಿ ಮೊದಲ ಸಲ ಒಂದೇ ಹಾಡಿಗೆ ಎರಡು ಸಾಲು ಬಿತ್ತು. ಬಳಗ ಒಡೆಯಲಿಲ್ಲ. ಟೀಚರ್ ಮತ್ತು ದರ್ಜಿ ದಿಂಬಿನ ಚೀಲದ ವಿಷಯವನ್ನು ಮತ್ತೆ ಎತ್ತಿಕೊಂಡರು.

ವಾಪಸು ಬರುವಾಗ ಬಸ್ಸಿನಲ್ಲಿ ಅವರಿಬ್ಬರೂ ಮುಂದಿನ ಸೀಟು, ನಾನು ಹಿಂದೆ. ಭಾವ ಕೇಳಿದರು: "ಅಲ್ವೇ, ದೊಡ್ಡವ್ರ ಹಾಡಲ್ಲಿ ನಿಂಗೆ ಯಾವ್ದು ಇಷ್ಟ?" ಮದುವೆಯಾಗಿ ಮೂವತ್ತನಾಲ್ಕು ವರ್ಷವಾದ ಮೇಲೆ ಈ ಪ್ರಶ್ನೆ.

"ಯಾವ್ದೂ ಇಲ್ಲ. ಆ ಮನುಷ್ಯನ ದನಿ ನಂಗೆ ಮೊದ್ಲಿಂದ್ಲೂ ಅಷ್ಟಕ್ಕಷ್ಟೆ."

"ಮತ್ತೆ ಆ ಪಿಟೀಲು?"

"ಹದಿನೇಳು ಸಲ ಕೇಳಿ ಬರ್ದೆ."

"ಇಷ್ಟ ಇಲ್ದಿದ್ದನ್ನ ಹದಿನೇಳು ಸಲ ಯಾಕೆ ಕೇಳ್ದೆ?"

ಅಕ್ಕ ಕಿಟಕಿಯ ಕಡೆ ತಿರುಗಿ ಏನೋ ಹೇಳಿದಳು. ನನಗೆ ಕೇಳಿಸಿತು. ಬಸ್ಸಿನ ಸದ್ದಿನಲ್ಲಿ ಭಾವನಿಗೆ ಕೇಳಿಸಲಿಲ್ಲ. "ಏನು?" ಅಂದರು. ಅವಳು ಇತ್ತ ತಿರುಗಿದಳು. ಆಮೇಲೆ ಅವರ ಕಿವಿಯ ಹತ್ತಿರ ಬಾಗಿ, ಮುಂದಿನ ಕಂಬಿಗೆ ಬೆರಳಿನಿಂದ ತಟ್ಟುತ್ತ, ಒಂದೊಂದೇ ಪದ ಬಿಡಿಸಿ, ಒಂದೊಂದು ಪೆಟ್ಟಿಗೆ ಒಂದೊಂದು ಪದದಂತೆ ಹೇಳಿದಳು:

"ಆ, ಸ್ಟೂಲ್, ಮೇಲೆ, ನೀವು, ಬೆನ್ನು, ನೆಟ್ಟಗೆ, ಮಾಡಿ, ಕೂರ್ತೀರಿ, ಅಂತ, ನನ್, ತಮ್ಮ, ಹೇಳ್ತಿದ್ದ."

ಈ ಸಲ ಭಾವನಿಗೆ ಪೂರ್ತಿ ಕೇಳಿಸಿತು.